ಸತ್ತ ಡ್ರಿಲ್ ಬ್ಯಾಟರಿ, ಎಸ್.ಪಿ. ರೋಡು ಮತ್ತು ಐದು ಸೆಲ್‌ಗಳ ಲೆಕ್ಕ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. 18 ವೋಲ್ಟಿನ ಡ್ರಿಲ್ ಬ್ಯಾಟರಿ ಸತ್ತಿದ್ದರೆ ಹೊಸದು ಕೊಳ್ಳುವ ಮುಂಚೆ ಬೆಂಗಳೂರಿನ ಎಸ್.ಪಿ. ರೋಡಿಗೆ ಒಂದು ಸಲ ಹೋಗಿ ಬನ್ನಿ. ಒಳಗಿನ ಸೆಲ್ ಬದಲಾಯಿಸಿ ಕೊಡುತ್ತಾರೆ, ಖರ್ಚು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆದರೆ ಯಾವ ಸೆಲ್ ಹಾಕುತ್ತಿದ್ದಾರೆ ಅಂತ ನಿಮಗೆ ತೋರಿಸದ ಅಂಗಡಿಯಲ್ಲಿ ಕೊಡಬೇಡಿ. ಅಗ್ಗದ ಚಾರ್ಜರ್ ಹೋಗಿದ್ದರೆ ಹೊಸದೇ ತಗೊಳ್ಳಿ. ಹಳೇ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಡ್ರಿಲ್ ಆದರೆ ಆಸೆ ಬಿಡಿ.

ನನ್ನದು ಪರದೆ ರಾಡು, ಬ್ಲೈಂಡ್ಸ್ ಹಾಕುವ ಕೆಲಸ. ಕೆಲವು ಮನೆಗಳಿಗೆ ಹೋದಾಗ ಇನ್ನೂ ಕರೆಂಟ್ ಕನೆಕ್ಷನ್ನೇ ಬಂದಿರುವುದಿಲ್ಲ, ಅಲ್ಲಿ ಬ್ಯಾಟರಿ ಕೈಕೊಟ್ಟರೆ ಏಣಿ ಮಡಚಿಕೊಂಡು ವಾಪಸ್ ಬರಬೇಕು. ನನ್ನ 18 ವೋಲ್ಟ್ ಡ್ರಿಲ್‌ನ ಎರಡು ಬ್ಯಾಟರಿಗಳಲ್ಲಿ ಒಂದು ಚಾರ್ಜರ್‌ಗೆ ಹಾಕಿದ ತಕ್ಷಣ ಕೆಂಪು ದೀಪ ಮಿಟುಕಿಸಲು ಶುರು ಮಾಡಿತು. ಇನ್ನೊಂದು ಅದೇ ಚಾರ್ಜರ್‌ನಲ್ಲಿ ಸರಿಯಾಗಿ ಚಾರ್ಜ್ ಆಗುತ್ತಿತ್ತು. ಅಂದರೆ ಚಾರ್ಜರ್ ಸರಿ ಇದೆ, ತೊಂದರೆ ಬ್ಯಾಟರಿಯದ್ದು. ಎರಡು ಬ್ಯಾಟರಿ ಇರುವವರು ಮೊದಲು ಇಷ್ಟು ನೋಡಿಕೊಂಡರೆ ಅರ್ಧ ತಲೆನೋವು ಕಡಿಮೆ.

ಕಂಪನಿಯ ಸರ್ವಿಸ್ ಸೆಂಟರ್‌ಗೆ ತಗೊಂಡು ಹೋದೆ. ಹೆಸರು ಬೇಡ, ಈ ವಿಷಯದಲ್ಲಿ ಎಲ್ಲರೂ ಒಂದೇ ತರ. ಕೌಂಟರ್‌ನಲ್ಲಿದ್ದ ಹುಡುಗ ಮೀಟರ್ ಕೂಡ ಹಿಡಿಯಲಿಲ್ಲ. "ಬ್ಯಾಟರಿ ನಾವು ಬಿಚ್ಚಲ್ಲ ಸಾರ್, ಹೊಸದೇ ತಗೋಬೇಕು" ಅಂದ. 2 ಆಂಪಿಯರ್-ಅವರ್ (ಎಷ್ಟು ಚಾರ್ಜ್ ಹಿಡಿಸುತ್ತದೆ ಅನ್ನುವ ಅಳತೆ) ಬ್ಯಾಟರಿಗೆ ಮೂರು ಸಾವಿರದ ಮೇಲೆ. ಅದಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಡ್ರಿಲ್ಲು, ಎರಡು ಬ್ಯಾಟರಿ, ಚಾರ್ಜರ್ ಎಲ್ಲಾ ಸೇರಿ ಹೊಸ ಕಿಟ್ಟೇ ಬರುತ್ತದೆ ಅಂತ ಸಲಹೆ ಬೇರೆ. ಚೆನ್ನಾಗಿ ಓಡುತ್ತಿರುವ ಮೋಟರನ್ನು ಗುಜರಿಗೆ ಹಾಕಲಿ ಅಂತಲೇ ಬೆಲೆ ಹಾಗೆ ಇಡುತ್ತಾರೋ ಏನೋ.

ಅಲ್ಲಿಂದ ಎಸ್.ಪಿ. ರೋಡು. ಹೊರಗಿನವರಿಗೆ ಹೇಳಬೇಕೆಂದರೆ ಇದು ಸಾದರ್ ಪತ್ರಪ್ಪ ರಸ್ತೆ, ಟೌನ್ ಹಾಲ್ ಹತ್ತಿರ, ಕಂಪ್ಯೂಟರ್ ಮತ್ತು ಎಲೆಕ್ಟ್ರಾನಿಕ್ಸ್ ಸಾಮಾನಿನ ಪೇಟೆ. ನಾನು ಹೋದದ್ದು ಪಕ್ಕದ ಗಲ್ಲಿಯಲ್ಲಿರುವ ಒಂದು ಸಣ್ಣ ಅಂಗಡಿಗೆ, ಬೋರ್ಡ್ ಕೂಡ ನೆಟ್ಟಗಿಲ್ಲ. ಕೂತವರನ್ನು ಎಲ್ಲರೂ ಭಾಯ್ ಅಂತಾರೆ, ನಾನೂ ಹಾಗೇ ಕರೆದೆ. ಎಲೆಕ್ಟ್ರಿಕ್ ಸೈಕಲ್ ಬ್ಯಾಟರಿಗಳು, ಸ್ಪೀಕರ್ ಬ್ಯಾಟರಿಗಳು ಮೇಜಿನ ತುಂಬ ಬಿದ್ದಿದ್ದವು, ಡ್ರಿಲ್ ಬ್ಯಾಟರಿಯೂ ಅವರ ಪಾಲಿಗೆ ಅಂಥದ್ದೇ ಇನ್ನೊಂದು ಅಷ್ಟೇ.

ನನಗೆ ಇಷ್ಟವಾದದ್ದು ಇದು: ಬೆಲೆ ಹೇಳುವ ಮುಂಚೆ ಬಿಚ್ಚಿ ತೋರಿಸಿದರು. ಬ್ಯಾಟರಿಯ ಕೆಳಗೆ ನಕ್ಷತ್ರದ ಆಕಾರದ ಸ್ಕ್ರೂಗಳಿರುತ್ತವೆ, ಮಧ್ಯದಲ್ಲಿ ಒಂದು ಸಣ್ಣ ಮೊಳೆ ತರ ಇರುತ್ತದೆ, ಮಾಮೂಲಿ ಸ್ಕ್ರೂಡ್ರೈವರ್ ಅದರೊಳಗೆ ಹೋಗುವುದಿಲ್ಲ. ಅದನ್ನು ಬಿಚ್ಚಿದರೆ ಒಳಗೆ ಐದು ಲಿಥಿಯಂ ಸೆಲ್ ಸಾಲಾಗಿ ಕೂತಿವೆ, ಒಂದೊಂದೂ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಅದಕ್ಕೇ ಇವನ್ನು 18650 ಅನ್ನುವುದು. ಭಾಯ್ ಮೀಟರಿನ ಎರಡು ಕಡ್ಡಿ ಹಿಡಿದು ಒಂದೊಂದಾಗಿ ಮುಟ್ಟಿಸುತ್ತಾ ಹೋದರು. ನಾಲ್ಕು ಸೆಲ್ 3.8 ವೋಲ್ಟಿನ ಆಸುಪಾಸು ತೋರಿಸಿದವು. ಕೊನೆಯದು 1.1. "ನೋಡಿ ಸಾರ್, ಇವನೊಬ್ಬ ಹೋಗಿದ್ದಾನೆ, ಅದಕ್ಕೆ ಚಾರ್ಜರ್ ಒಪ್ಪುತ್ತಿಲ್ಲ."

ಹಾಗಾದರೆ ಅದೊಂದನ್ನೇ ಬದಲಾಯಿಸಿದರೆ ಸಾಕಲ್ವಾ ಅಂತ ಯಾರಿಗಾದರೂ ಅನಿಸುತ್ತದೆ. ಸಾಲದು. ಹಳೇ ಎತ್ತಿನ ಜೊತೆ ಎಳೇ ಎತ್ತನ್ನು ನೊಗಕ್ಕೆ ಕಟ್ಟಿದ ಹಾಗೆ, ಒಂದು ಎಳೆಯುತ್ತದೆ, ಇನ್ನೊಂದು ಬೀಳುತ್ತದೆ. ಸೆಲ್‌ಗಳು ಒಂದರ ಹಿಂದೆ ಒಂದು ಜೋಡಣೆಯಾಗಿರುವುದರಿಂದ ಎಲ್ಲದರಲ್ಲೂ ಅದೇ ಕರೆಂಟ್ ಹರಿಯುತ್ತದೆ, ಶಕ್ತಿ ಕಡಿಮೆ ಇರುವುದು ಮೊದಲು ಖಾಲಿಯಾಗುತ್ತದೆ, ಮೊದಲು ಸಾಯುತ್ತದೆ. ಬದಲಾಯಿಸಿದರೆ ಐದೂ ಬದಲಾಯಿಸಬೇಕು. ಸತ್ತ ಸೆಲ್ಲಿಗೆ ಹೊರಗಿನಿಂದ ಕರೆಂಟ್ ಕೊಟ್ಟು ಎಬ್ಬಿಸುವ ವಿಡಿಯೋಗಳು ಬೇಕಾದಷ್ಟಿವೆ, ದಯವಿಟ್ಟು ಮಾಡಬೇಡಿ. ತುಂಬಾ ಕೆಳಗೆ ಇಳಿದು ಹಾಗೇ ದಿನಗಟ್ಟಲೆ ಬಿದ್ದಿದ್ದ ಲಿಥಿಯಂ ಸೆಲ್ ಒಳಗೆ ತಾಮ್ರ ಕರಗಿ, ಮತ್ತೆ ಚಾರ್ಜ್ ಮಾಡುವಾಗ ಶಾರ್ಟ್ ಆಗಿ ಬೆಂಕಿ ಹತ್ತಬಹುದು.

ಈಗ ಸೆಲ್ ವಿಷಯ. ಮೋಸ ನಡೆಯುವುದು ಇಲ್ಲೇ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ. ನೋಡಲು ಎಲ್ಲ 18650 ಸೆಲ್‌ಗಳೂ ಒಂದೇ. ಲ್ಯಾಪ್‌ಟಾಪ್‌ನಿಂದ ಬಿಚ್ಚಿದ ಸೆಲ್ಲೂ ಅದೇ ಅಳತೆ, ಟಾರ್ಚಿನದ್ದೂ ಅದೇ ಅಳತೆ. ಆದರೆ ಲ್ಯಾಪ್‌ಟಾಪ್ ನಿಧಾನಕ್ಕೆ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತದೆ. ಕಾಂಕ್ರೀಟ್ ಲಿಂಟಲ್‌ನಲ್ಲಿ ಬಿಟ್ ಸಿಕ್ಕಿಕೊಂಡಾಗ ಡ್ರಿಲ್ 20 ಆಂಪಿಯರ್ ದಾಟಿ ಎಳೆಯುತ್ತದೆ. ಅದಕ್ಕೆ ಜಾಸ್ತಿ ಕರೆಂಟ್ ಕೊಡುವ ಜಾತಿಯ ಸೆಲ್ಲೇ ಬೇಕು. ಸ್ಯಾಮ್‌ಸಂಗ್ 25ಆರ್ ಅಂತ ಒಂದಿದೆ, 2500 ಎಂಎಎಚ್ (ಅಂದರೆ ಎರಡೂವರೆ ಆಂಪಿಯರ್-ಅವರ್), ಬಿಡದೆ 20 ಆಂಪಿಯರ್ ಕೊಡುತ್ತದೆ, ಡ್ರಿಲ್‌ಗೆ ಹೇಳಿ ಮಾಡಿಸಿದ್ದು. ಸೋನಿ ವಿಟಿಸಿ ಸಾಲಿನದ್ದೂ ಅಂಥದ್ದೇ. ಇವೆರಡಕ್ಕೂ ನಕಲಿ ಇವೆ, ಅದು ಬೇರೆ ಕಥೆ. 9900 ಎಂಎಎಚ್ ಅಂತ ಮೈಮೇಲೆ ಬರೆದ ಸೆಲ್ ಕಂಡರೆ ನಕ್ಕು ಮುಂದೆ ಹೋಗಿ, ಆ ಅಳತೆಯಲ್ಲಿ ಅಷ್ಟು ಹಿಡಿಸುವ ಸೆಲ್ ಪ್ರಪಂಚದಲ್ಲೇ ಇಲ್ಲ. ಕೈಯಲ್ಲಿ ಹಿಡಿದಾಗ ಹಗುರ ಅನಿಸಿದರೂ ಅನುಮಾನ ಪಡಿ. ಒಳ್ಳೆಯದು ಸುಮಾರು 45 ಗ್ರಾಂ ತೂಗುತ್ತದೆ.

ಭಾಯ್ ಎರಡು ಡಬ್ಬಿ ಮುಂದಿಟ್ಟರು. ಒಂದು ಮಾಮೂಲಿ ಚೈನಾದ್ದು, ಸೆಲ್ಲಿಗೆ ನೂರೈವತ್ತು. ಇನ್ನೊಂದು 25ಆರ್, ಸೆಲ್ಲಿಗೆ ಮುನ್ನೂರರ ಹತ್ತಿರ. ಮನೆಯಲ್ಲಿ ಎಂದೋ ಒಂದು ಫೋಟೋ ನೇತು ಹಾಕುವವರಿಗೆ ಮೊದಲನೆಯದು ಸಾಕು ಅಂತ ಅವರೇ ಹೇಳಿದರು. ನನ್ನ ಕೆಲಸ ಕೇಳಿದ ಮೇಲೆ ಎರಡನೆಯದನ್ನು ತೆಗೆದು ಐದಕ್ಕೂ ಮೀಟರ್ ಹಿಡಿದು, ವೋಲ್ಟೇಜ್ ಎಲ್ಲಾ ಒಂದೇ ಇದೆ ಅಂತ ತೋರಿಸಿ ಆಮೇಲೆ ಕೆಲಸಕ್ಕೆ ಕೂತರು. ಹಳೇ ನಿಕಲ್ ಪಟ್ಟಿ ಕಿತ್ತು, ಸೆಲ್‌ಗಳ ಪ್ಲಸ್ ತುದಿಗೆ ಅಂಟಿನ ಕಾಗದದ ಉಂಗುರ ಅಂಟಿಸಿ, ಹೊಸ ಪಟ್ಟಿ ಇಟ್ಟು ಸ್ಪಾಟ್ ವೆಲ್ಡಿಂಗ್. ಕಾಲಲ್ಲಿ ಪೆಡಲ್ ಒತ್ತಿದರೆ ಚಟ್ ಅಂತ ಒಂದು ಸದ್ದು, ಪಟ್ಟಿಯ ಮೇಲೆ ಎರಡು ಸಣ್ಣ ಚುಕ್ಕಿ. ಸಾಲ್ಡರಿಂಗ್ ಐರನ್ ಸೆಲ್ಲಿನ ಮೇಲೆ ನೇರವಾಗಿ ಒತ್ತುವವರ ಹತ್ತಿರ ಹೋಗಬೇಡಿ, ಆ ಶಾಖಕ್ಕೆ ಹೊಸ ಸೆಲ್ಲೂ ಅಲ್ಲೇ ಹಾಳಾಗುತ್ತದೆ. ಶಾಖ ಅಳೆಯುವ ಸಣ್ಣ ಥರ್ಮಿಸ್ಟರನ್ನು ಮೊದಲಿದ್ದ ಜಾಗದಲ್ಲೇ ಸೆಲ್ಲಿಗೆ ತಾಗಿಸಿ ಅಂಟಿಸಿದರು. ಅದರ ತಂತಿ ಕಿತ್ತುಹೋದರೂ ಚಾರ್ಜರ್ ಕೆಂಪು ದೀಪ ತೋರಿಸುತ್ತದಂತೆ, ಬರೀ ಆ ತಂತಿ ಬೆಸೆದು ಬ್ಯಾಟರಿ ವಾಪಸ್ ಕೊಟ್ಟದ್ದೂ ಉಂಟಂತೆ.

ಒಟ್ಟು ಬಿಲ್ಲು ಸಾವಿರದ ಎಂಟುನೂರು. ಇದರಲ್ಲಿ ಸೆಲ್ಲಿನ ದುಡ್ಡೇ ಜಾಸ್ತಿ, ಕೂಲಿ ಕಡಿಮೆ. ಮೊದಲಿದ್ದದ್ದು 2000 ಎಂಎಎಚ್, ಈಗ 2500, ಹಾಗಾಗಿ ಒಂದು ಚಾರ್ಜಿಗೆ ಮೊದಲಿಗಿಂತ ಸ್ವಲ್ಪ ಜಾಸ್ತಿಯೇ ಕೆಲಸ ಬರುತ್ತಿದೆ. ಅಂದಹಾಗೆ 20 ವೋಲ್ಟ್, 21 ವೋಲ್ಟ್ ಅಂತ ಬರೆದ ಡ್ರಿಲ್‌ಗಳ ಒಳಗೂ ಇರುವುದು ಇದೇ ಐದು ಸೆಲ್ಲು. ಪೂರ್ತಿ ಚಾರ್ಜ್ ಆದಾಗ ಒಂದೊಂದು 4.2, ಐದಕ್ಕೆ 21, ಅಷ್ಟೇ ಲೆಕ್ಕ. ಆನ್‌ಲೈನ್‌ನಲ್ಲಿ ಕೆಲವಕ್ಕೆ 48 ವೋಲ್ಟ್ ಅನಿಸುವ ಹಾಗೆ 48 ವಿಎಫ್ ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ, ಅದೂ ಸುಮ್ನೆ.

ಇನ್ನು ಚಾರ್ಜರ್. ನನ್ನ ಹತ್ತಿರ ಒಂದು ಸಣ್ಣ 12 ವೋಲ್ಟ್ ಡ್ರಿಲ್ಲೂ ಇದೆ, ಅದರ ಚಾರ್ಜರ್ ಮೊಬೈಲ್ ಅಡಾಪ್ಟರ್ ತರದ್ದು, ಪಿನ್ ಚುಚ್ಚುವುದು. ದೀಪವೇ ಬರುತ್ತಿರಲಿಲ್ಲ. ಇದನ್ನು ಬಿಚ್ಚಲೂ ಇಲ್ಲ ಭಾಯ್, "ಇದಕ್ಕೆ ಕೂಲಿ ಕೊಡಬೇಡಿ" ಅಂತ ಎದುರಿನ ಅಂಗಡಿ ತೋರಿಸಿದರು, ಇನ್ನೂರೈವತ್ತಕ್ಕೆ ಹೊಸದು ಸಿಕ್ಕಿತು. ತಗೊಳ್ಳುವಾಗ 12.6 ವೋಲ್ಟ್ ಅಂತ ಬರೆದಿದೆಯಾ ನೋಡಿ, ಸೆಟ್-ಟಾಪ್ ಬಾಕ್ಸಿನ 12 ವೋಲ್ಟ್ ಅಡಾಪ್ಟರಿಗೂ ಅದೇ ಪಿನ್ ಇರಬಹುದು, ಆದರೆ ಅದು ಬ್ಯಾಟರಿ ಚಾರ್ಜರ್ ಅಲ್ಲ. ದೊಡ್ಡ 18 ವೋಲ್ಟಿನ ಚಾರ್ಜರ್ ಆದರೆ ಲೆಕ್ಕ ಬೇರೆ, ಹೊಸದಕ್ಕೆ ಸಾವಿರಾರು ರೂಪಾಯಿ. ಅದರಲ್ಲಿ ಸಾಮಾನ್ಯವಾಗಿ ಹೋಗುವುದು ವೈರು, ಫ್ಯೂಸು, ಇಲ್ಲಾ ಊದಿಕೊಂಡ ಕೆಪಾಸಿಟರ್. ಈ ರಿಪೇರಿ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಮನೆಯಲ್ಲೇ ಬಿಚ್ಚುವ ಉತ್ಸಾಹ ಇರುವವರು ಗಮನಿಸಿ, ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟಿನ ಮೇಲೆ ಉಳಿದಿರಬಹುದು. ಒಳ್ಳೇ ಏಟು ಕೊಡುತ್ತದೆ.

ಅಪ್ಪನ ಕಾಲದ 14.4 ವೋಲ್ಟ್ ನಿಕಲ್-ಕ್ಯಾಡ್ಮಿಯಂ ಡ್ರಿಲ್ಲನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಅದನ್ನು ಭಾಯ್ ಮುಟ್ಟಲಿಲ್ಲ. ಹನ್ನೆರಡು ಸೆಲ್ ಬೇಕು, ಒಂದೊಂದು 1.2 ವೋಲ್ಟು, ಈಗ ಒಳ್ಳೆಯದು ಸಿಗುವುದೇ ಕಷ್ಟ. ಯುರೋಪಿನಲ್ಲಿ 2016ರ ಕೊನೆಗೆ ಇಂಥ ಟೂಲ್‌ಗಳಲ್ಲಿ ಈ ಸೆಲ್ಲನ್ನು ನಿಲ್ಲಿಸಿಯೇಬಿಟ್ಟರು, ಕ್ಯಾಡ್ಮಿಯಂ ವಿಷ. ಲಿಥಿಯಂ ಹಾಕಿಕೊಡಿ ಅಂತ ಕೇಳಿದೆ. ಹಾಕಬಹುದು, ಆದರೆ ನೀವು ಇದೇ ಹಳೇ ಚಾರ್ಜರ್‌ಗೆ ಹಾಕುತ್ತೀರಿ, ಅದಕ್ಕೆ ಲಿಥಿಯಂ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿಲ್ಲ, ಮನೆಗೆ ಬೆಂಕಿ ಬಿದ್ದರೆ ನನ್ನ ಹೆಸರು ಹೇಳುತ್ತೀರಿ ಅಂದರು. ಸಿಗುವ ದುಡ್ಡನ್ನು ಬೇಡ ಅಂದ ಅಂಗಡಿಯವರು, ನನಗೆ ನಂಬಿಕೆ ಬಂದದ್ದು ಆಗಲೇ. ಹಳೇ ಸೆಲ್‌ಗಳನ್ನು ಮನೆ ಕಸದ ಜೊತೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅವನ್ನು ಬೇರೆಯಾಗಿಯೇ ಕೊಡಬೇಕು, ವಾಪಸ್ ಪಡೆದು ವಿಲೇವಾರಿ ಮಾಡಿಸುವ ಹೊಣೆ ತಯಾರಿಸಿದ ಕಂಪನಿಯದ್ದು.

ಕೊರತೆಗಳೂ ಇವೆ. ಬಿಲ್ಲು ಅಂದರೆ ಚೀಟಿಯ ಮೇಲೆ ಪೆನ್ನಿನಲ್ಲಿ ಬರೆದ ಮೊತ್ತ. ವಾರಂಟಿ ಮೂರು ತಿಂಗಳು, ಅದೂ ಬಾಯಿಮಾತು. ಒಳಗಿನ ಸರ್ಕ್ಯೂಟೇ ಲಾಕ್ ಆಗಿರುವ ಬ್ಯಾಟರಿ ಇವರ ಕೈಯಲ್ಲಿ ಆಗುವುದಿಲ್ಲ. ಕೆಲವು ಬ್ರ್ಯಾಂಡ್‌ಗಳಲ್ಲಿ ಚಾರ್ಜ್ ಪದೇ ಪದೇ ಫೇಲ್ ಆದರೆ ಸರ್ಕ್ಯೂಟು ತಾನೇ ಬೀಗ ಹಾಕಿಕೊಳ್ಳುತ್ತದೆ, ಆಮೇಲೆ ಹೊಸ ಸೆಲ್ ಹಾಕಿದರೂ ಏಳುವುದಿಲ್ಲ. ಹಾಗಾಗಿ ಕೆಂಪು ದೀಪ ಬಂದ ಬ್ಯಾಟರಿಯನ್ನು ಮತ್ತೆ ಮತ್ತೆ ಚಾರ್ಜರ್‌ಗೆ ಸಿಕ್ಕಿಸಿ ನೋಡುತ್ತಾ ಕೂರಬೇಡಿ. ಇನ್ನೂ ವಾರಂಟಿಯಲ್ಲಿರುವ ಬ್ಯಾಟರಿಯನ್ನಂತೂ ಇಲ್ಲಿಗೆ ತರಲೇಬೇಡಿ, ಸ್ಕ್ರೂ ಬಿಚ್ಚಿದ ಗುರುತು ಕಂಡರೆ ಕಂಪನಿಯವರು ಕೈ ಎತ್ತುತ್ತಾರೆ.

ಹೋಗುವವರು ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆದುಬಿಡಿ, ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಭಾನುವಾರ ಹೋಗಬೇಡಿ, ಬಹುಪಾಲು ಶಟರ್ ಎಳೆದಿರುತ್ತದೆ. ಬ್ಯಾಟರಿಯ ಜೊತೆ ಚಾರ್ಜರ್ ಮತ್ತು ಡ್ರಿಲ್ ಎರಡನ್ನೂ ತಗೊಂಡು ಹೋಗಿ. ಅಲ್ಲೇ ಚಾರ್ಜ್‌ಗೆ ಹಾಕಿಸಿ, ದೀಪ ಹಸಿರಾಗುವವರೆಗೆ ಪಕ್ಕದ ದರ್ಶಿನಿಯಲ್ಲಿ ಕಾಫಿ ಕುಡಿದು ಬಂದು, ಡ್ರಿಲ್‌ಗೆ ಹಾಕಿ ಓಡಿಸಿ ನೋಡಿದ ಮೇಲೆ ದುಡ್ಡು ಕೊಡಿ.