ಶಿವಗಂಗೋತ್ರಿಯಲ್ಲಿ ಎಂಎಸ್ಸಿ ಓದುವವರಿಗೆ: ಜಿಮ್ಮಾ, ಕೆರೆ ದಂಡೆಯಾ, ಗರಡಿಯಾ, ಸೈಕಲ್ಲಾ?

ಎಂಎಸ್ಸಿ ಕೆಮಿಸ್ಟ್ರಿಗೆ ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿ ಕ್ಯಾಂಪಸ್ಸಿಗೆ ಬರುವವರು ಮೊದಲು ರೂಮು, ಮೆಸ್ಸು ವಿಚಾರಿಸುತ್ತಾರೆ. ಮೈಗೆ ವ್ಯಾಯಾಮದ ಮಾತೇ ಬರುವುದಿಲ್ಲ. ಲ್ಯಾಬಿನಲ್ಲಿ ದಿನಾ ನಿಂತೇ ಇರುತ್ತೀವಲ್ಲ ಅಂತ ಸಮಾಧಾನ. ಆದರೆ ಬ್ಯೂರೆಟ್ಟಿನಿಂದ (ಅಳತೆ ಗೆರೆಗಳಿರುವ ಗಾಜಿನ ನಳಿಕೆ) ಹನಿ ಹನಿ ಬಿಡುತ್ತಾ ತಿಳಿಗುಲಾಬಿ ಬಣ್ಣ ಯಾವಾಗ ಮಾಯವಾಗದೆ ಉಳಿಯುತ್ತೆ ಅಂತ ಕಾಯುವುದು ಓಡಾಟ ಅಲ್ಲ, ಅಲ್ವಾ? ಸಂಜೆಗೆ ಸೊಂಟ ಹಿಡಿಯುತ್ತೆ, ಉಸಿರು ಮಾತ್ರ ಒಂದಿಷ್ಟೂ ಏರಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗುವ ಚಟುವಟಿಕೆ ಬೇಕು, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ. ಜಿಮ್, ಕೆರೆ ಏರಿ ಮೇಲೆ ನಡಿಗೆ, ಗರಡಿ, ಸೈಕಲ್ ನಾಲ್ಕನ್ನೂ ಮಾಡಿ ನೋಡಿದ್ದೇನೆ. ನನ್ನ ಅಳತೆ ಒಂದೇ: ಇಂಟರ್ನಲ್ಸ್ ಪರೀಕ್ಷೆ, ಲ್ಯಾಬ್ ರೆಕಾರ್ಡು ಒಟ್ಟಿಗೆ ಬಂದ ವಾರವೂ ಅದು ನಿಲ್ಲಬಾರದು.

ಜಿಮ್ ಆ ಅಳತೆಗೆ ನಿಲ್ಲಲಿಲ್ಲ. ಸಾಮಾನು ಚೆನ್ನಾಗಿತ್ತು, ಆದರೆ ಸಂಜೆ ರಶ್ಶು, ಬೆಂಚಿಗೆ ಕಾಯಬೇಕು, ಮೂರು ತಿಂಗಳ ಫೀಸು ಮುಂಚೆಯೇ ಕಟ್ಟಬೇಕು.

ಕುಂದುವಾಡ ಕೆರೆ ಏರಿ ಬೇರೆಯೇ ಸುಖ. ಬೆಳಗ್ಗೆ ಬೇಗ ಹೋದರೆ ನೀರಿನ ಮೇಲಿಂದ ತಣ್ಣನೆ ಗಾಳಿ, ಹಕ್ಕಿಗಳು, ಕಾಸು ಖರ್ಚಿಲ್ಲ. ನಡೆಯುತ್ತಾ ಒಂದು ರಿಯಾಕ್ಷನ್ ಮೆಕಾನಿಸಂ, ಅಂದರೆ ರಾಸಾಯನಿಕ ಕ್ರಿಯೆ ನಡೆಯುವ ಹಂತಗಳನ್ನು, ಮನಸ್ಸಿನಲ್ಲೇ ಬಿಡಿಸಿಕೊಂಡರೆ ಮರೆಯುವುದೇ ಇಲ್ಲ. ಭಾನುವಾರ ಅಲ್ಲಿಂದ ಸೀದಾ ಬೆಣ್ಣೆ ದೋಸೆಗೆ ಹೋಗಬಹುದು, ಅದರಲ್ಲಿ ಏನೂ ತಪ್ಪಿಲ್ಲ. ಆದರೆ ಒಂಬತ್ತೂವರೆ ಕ್ಲಾಸಿದ್ದ ದಿನ ಕೆರೆಗೂ ಹೋಗಿ ಬಸ್ಸೂ ಹಿಡಿಯುವುದು ಕಷ್ಟ.

ಸೈಕಲ್ ಗೆಲ್ಲುವುದು ಇಲ್ಲೇ. ಊರಿನಿಂದ ಕ್ಯಾಂಪಸ್ ಇರುವ ತೋಳಹುಣಸೆ ಎಂಟೊಂಬತ್ತು ಕಿಲೋಮೀಟರ್, ಅರ್ಧ ಗಂಟೆ ಮೇಲೆ ಸ್ವಲ್ಪ. ಬಸ್ಸಿಗೆ ಕಾಯುವ ಹೊತ್ತೇ ವ್ಯಾಯಾಮ ಆಗುತ್ತೆ, ವಾರದಲ್ಲಿ ಮೂರು ದಿನ ಹೋಗಿ ಬಂದರೆ 150 ನಿಮಿಷ ಸುಮ್ನೆ ದಾಟುತ್ತೆ. ಪರೀಕ್ಷೆ ಇರಲಿ ಬಿಡಲಿ ಕಾಲೇಜಿಗಂತೂ ಹೋಗಲೇಬೇಕಲ್ಲ, ಹಾಗಾಗಿ ತಪ್ಪುವುದಿಲ್ಲ. ತೊಂದರೆಯೂ ಇದೆ. ಆಷಾಢದ ಗಾಳಿ ಎದುರಾದರೆ ತೊಡೆ ಉರಿಯುತ್ತೆ, ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ವಾಪಸ್ ಬರುವುದು ಬೇಡವೇ ಬೇಡ, ಲ್ಯಾಬ್ ತಡವಾದರೆ ಕತ್ತಲಲ್ಲಿ ಲಾರಿಗಳ ಪಕ್ಕ ತುಳಿಯಬೇಕು. ಹಿಂದೆ ಕೆಂಪು ಲೈಟು, ಬ್ಯಾಗಿನಲ್ಲಿ ಒಂದು ಜೊತೆ ಒಣ ಅಂಗಿ ಕಡ್ಡಾಯ. ಬೆವರಿದ ಬಟ್ಟೆ ಮೇಲೆ ಏಪ್ರನ್ ಹಾಕಿಕೊಂಡು ಮೂರು ತಾಸು ನಿಲ್ಲೋಕಾಗಲ್ಲ.

ಸೈಕಲ್ ಕೊಡದೇ ಇರುವುದನ್ನು ಗರಡಿ ಕೊಡುತ್ತೆ. ತೋಳು, ಎದೆ, ಬೆನ್ನು. ಕೆಮ್ಮಣ್ಣಿನ ಅಖಾಡದಲ್ಲಿ ನಾನು ದಂಡ ಹೊಡೆಯುವಾಗ ಹಿರಿಯರೊಬ್ಬರು ಬೆನ್ನು ಎಲ್ಲಿ ತಗ್ಗಬೇಕು, ಎಲ್ಲಿ ಏಳಬೇಕು ಅಂತ ಕೈಯಿಟ್ಟು ತೋರಿಸಿದರು. ಆ ತಿದ್ದುವಿಕೆ ಜಿಮ್ಮಿನಲ್ಲಿ ನನಗೆ ಸಿಗಲಿಲ್ಲ. ಒಮ್ಮೆ ಕಲಿತರೆ ದಂಡ, ಬಸ್ಕಿ ರೂಮಿನ ಮಹಡಿ ಮೇಲೂ ಆಗುತ್ತೆ, ಇಪ್ಪತ್ತು ನಿಮಿಷ ಸಾಕು.

ಹಾಗಾಗಿ ನನ್ನ ಆಯ್ಕೆ ಸೈಕಲ್ ಜೊತೆಗೆ ದಂಡ ಬಸ್ಕಿ, ಭಾನುವಾರಕ್ಕೆ ಕೆರೆ. ಕ್ಯಾಂಪಸ್ ಹಾಸ್ಟೆಲಿನಲ್ಲಿ ಇರುವವರಿಗೆ ಈ ಸೈಕಲ್ ಲೆಕ್ಕ ಹೊಂದುವುದಿಲ್ಲ. ಅವರು ಬಿಸಿಲೇರುವ ಮುಂಚೆ ಅಲ್ಲೇ ರಸ್ತೆಯಲ್ಲಿ ಓಡಿ, ದಂಡ ಬಸ್ಕಿ ಮಾತ್ರ ಊರಿಗೆ ಬಂದು ಗರಡಿಯಲ್ಲೇ ಕಲಿಯಲಿ.