ಮೂರು ಚಾರ್ಜರ್, ಅಮ್ಮನ ಒಂದು ರೇಡಿಯೋ

ದೂರು ಬಂದದ್ದು ಅಮ್ಮನಿಂದ. "ನೀನು ಆ ಲ್ಯಾಪ್‌ಟಾಪ್ ಹಾಕಿದ ಕೂಡಲೇ ನನ್ನ ರೇಡಿಯೋ ಗೊರ್ರ್ ಅಂತದೆ ಮಾರಾಯ, ಎಂತದು ಅದು?"

ಉಡುಪಿಯಲ್ಲಿ ಕೂತು ಮಂಗಳೂರು ಆಕಾಶವಾಣಿ ಕೇಳುವುದು ದೊಡ್ಡ ಸಂಗತಿಯಲ್ಲ, ಎಫ್‌ಎಂ 100.3 ಇದೆ. ಆದರೆ ಅಮ್ಮನಿಗೆ ಹಿಂದೂಸ್ತಾನಿ ಸಂಗೀತದ ಹುಚ್ಚು. ರಾತ್ರಿ ಹೊತ್ತು ಮೀಡಿಯಂ ವೇವ್‌ನಲ್ಲಿ 765 ಕಿಲೋಹರ್ಟ್ಸ್‌ಗೆ ಮುಳ್ಳು ಸರಿಸಿ ಧಾರವಾಡ ಹಿಡಿಯುತ್ತಾರೆ. ಘಟ್ಟದ ಆಚೆಯಿಂದ ಬರುವ ಆ ಸಣ್ಣ ದನಿಯೇ ನನ್ನ ಚಾರ್ಜರಿನ ಗೊರ್ರ್‌ನಲ್ಲಿ ಮುಳುಗಿ ಹೋಗುತ್ತಿತ್ತು.

ಮೊದಲು ನಾನು ನಂಬಲಿಲ್ಲ. ಲ್ಯಾಪ್‌ಟಾಪ್ ಹಳೆಯದೇ, ನಾಲ್ಕು ವರ್ಷದಿಂದ ಇದೆ. ಆಮೇಲೆ ಹೊಳೆಯಿತು. ಲ್ಯಾಪ್‌ಟಾಪ್ ಹಳೆಯದು, ಚಾರ್ಜರ್ ಹೊಸದು. ಕಂಪನಿಯ ಚಾರ್ಜರನ್ನು ಮಣಿಪಾಲದ ಆಫೀಸಿನಲ್ಲೇ ಬಿಟ್ಟು, ಮನೆಗೆಂದು ಪೇಟೆಯಿಂದ 650 ರೂಪಾಯಿಯ 'ಕಂಪ್ಯಾಟಿಬಲ್' ಒಂದನ್ನು ತಂದಿದ್ದೆ. ಸರಿ, ಆಫೀಸಿನದ್ದನ್ನು ಮನೆಗೆ ತಂದೆ. ಭಾವನ ಹತ್ತಿರ ಅಂಗೈಯಗಲದ 65 ವ್ಯಾಟಿನ ಗ್ಯಾನ್ (ಸಿಲಿಕಾನಿನ ಬದಲು ಗ್ಯಾಲಿಯಂ ನೈಟ್ರೈಡ್ ಬಳಸುವ ಹೊಸ ಬಗೆಯ) ಚಾರ್ಜರ್ ಇತ್ತು, ಅದನ್ನೂ ಒಂದು ವಾರಕ್ಕೆ ಬೇಡಿ ತಂದೆ. ನನ್ನ ಲ್ಯಾಪ್‌ಟಾಪ್ ದುಂಡು ಪಿನ್ನಿನಲ್ಲೂ, ಟೈಪ್-ಸಿಯಲ್ಲೂ ಚಾರ್ಜ್ ಆಗುತ್ತದೆ. ಹಾಗಾಗಿ ಮೂರಕ್ಕೂ ಒಂದೇ ಲ್ಯಾಪ್‌ಟಾಪ್, ಒಂದೇ ಪ್ಲಗ್ಗು, ಒಂದೇ ರೇಡಿಯೋ.

ಅಳತೆಗೆ ನನ್ನ ಹತ್ತಿರ ಯಂತ್ರ ಇಲ್ಲ. ಚಾವಡಿಯ ಕೆಂಪು ನೆಲ, ನನ್ನ ಹೆಜ್ಜೆ, ಅಮ್ಮನ ಕಿವಿ, ಇಷ್ಟೇ. ಗದ್ದಲ ನಿಂತು ಧಾರವಾಡ ಸರಿಯಾಗಿ ಕೇಳುವ ತನಕ ರೇಡಿಯೋ ಹಿಡಿದು ಹಿಂದೆ ಹಿಂದೆ ನಡೆಯುವುದು. ಮೀಡಿಯಂ ವೇವ್ ರೇಡಿಯೋದೊಳಗಿನ ಆಂಟೆನಾ ಒಂದು ಫೆರೈಟ್ (ಕಬ್ಬಿಣದ ಆಕ್ಸೈಡ್ ಸೇರಿದ, ಪಿಂಗಾಣಿಯಂಥ ವಸ್ತು) ಕಡ್ಡಿ. ರೇಡಿಯೋ ತಿರುಗಿಸಿದರೆ ಕೇಳುವುದೂ ಬದಲಾಗುತ್ತದೆ. ಅದಕ್ಕೇ ಪ್ರತಿ ಸಲ ಮುಖ ಒಂದೇ ದಿಕ್ಕಿಗೆ ಇಟ್ಟೆ.

ಲ್ಯಾಪ್‌ಟಾಪ್ ಬರೀ ಬ್ಯಾಟರಿಯಲ್ಲಿದ್ದಾಗ ಗದ್ದಲ ಇದ್ದದ್ದು ಒಂದು ಗೇಣಿನೊಳಗೆ. ಕಂಪನಿಯ ಚಾರ್ಜರ್ ಹಾಕಿದರೆ ಒಂದು ಹೆಜ್ಜೆ. ಗ್ಯಾನ್ ಹಾಕಿದರೆ ಎರಡೂವರೆ ಹೆಜ್ಜೆ. 650ರದ್ದು ಹಾಕಿದಾಗ ಚಾವಡಿ ಮುಗಿಯಿತು, ಜಗಲಿ ಮುಗಿಯಿತು, ಅಂಗಳಕ್ಕಿಳಿದು ತುಳಸಿಕಟ್ಟೆಯ ಹತ್ತಿರ ಹೋದ ಮೇಲೆ ದನಿ ಬಂತು. ಅಮ್ಮ ಅಲ್ಲಿಂದಲೇ, "ಇನ್ನು ನಾನು ಇಲ್ಲೇ ಮಲಗ್ಬೇಕಾ?" ಎಂದರು.

ಇನ್ನೂ ವಿಚಿತ್ರ ಎಂದರೆ, ಚಾರ್ಜರ್ ಚಾವಡಿಯಲ್ಲಿದ್ದರೂ ಹಿಂದಿನ ಅಡುಗೆಮನೆಯ ಸ್ವಿಚ್ ಬೋರ್ಡಿನ ಹತ್ತಿರ ರೇಡಿಯೋ ಹಿಡಿದರೆ ಅಲ್ಲೂ ಗೊರ್ರ್. ಮನೆಯ ವಯರಿಂಗೇ ಆಂಟೆನಾ ಆಗಿತ್ತು. ಅಂತಾರಾಷ್ಟ್ರೀಯ ನಿಯಮಗಳಲ್ಲಿ ಎರಡು ಬಗೆಯ ಅಳತೆ ಯಾಕಿದೆ ಎಂದು ನನಗೆ ಅರ್ಥವಾದದ್ದು ಆಗಲೇ. 150 ಕಿಲೋಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್ ತನಕ ಕರೆಂಟಿನ ತಂತಿಯೊಳಗೆ ಎಷ್ಟು ಗದ್ದಲ ಹಿಂದಕ್ಕೆ ಹೋಗುತ್ತದೆ ಎಂದು ನೋಡುತ್ತಾರೆ. 30ರಿಂದ ಮೇಲಕ್ಕೆ ಗಾಳಿಯಲ್ಲಿ ಎಷ್ಟು ಹರಡುತ್ತದೆ ಎಂದು ನೋಡುತ್ತಾರೆ. ಅಮ್ಮನ ಧಾರವಾಡ ಮೊದಲನೆಯದರಲ್ಲಿ ಬರುತ್ತದೆ, ಮಂಗಳೂರು ಎಫ್‌ಎಂ ಎರಡನೆಯದರಲ್ಲಿ.

ಗದ್ದಲ ಹುಟ್ಟುವ ಜಾಗ ಸರಳ. ಚಾರ್ಜರ್ ಒಳಗೆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಜೋಡಿಸುತ್ತಾರೆ. ಹಳೆಯ ಬಗೆಯದ್ದರಲ್ಲಿ 65 ಕಿಲೋಹರ್ಟ್ಸ್ ಆಸುಪಾಸು ಸಾಮಾನ್ಯ. ಅದರ ಹತ್ತು, ಹನ್ನೊಂದು, ಹನ್ನೆರಡು ಪಟ್ಟುಗಳು 650, 715, 780 ಹೀಗೆ ಮೀಡಿಯಂ ವೇವ್ ಪೂರ್ತಿ ಸಾಲಾಗಿ ನಿಲ್ಲುತ್ತವೆ. ಮುಳ್ಳು ಸರಿಸುತ್ತಾ ಹೋದರೆ ಒಂದೇ ಅಂತರದಲ್ಲಿ ಗೊರ್ರ್, ಮೌನ, ಗೊರ್ರ್, ಮೌನ. 65 ಯಾಕೆ ಎಂದರೆ ಅದರ ಎರಡು ಪಟ್ಟು 130, ಅದೂ 150ರ ಕೆಳಗೇ ಉಳಿಯುತ್ತದೆ. ಪರೀಕ್ಷೆ ಶುರುವಾಗುವುದೇ 150ರಿಂದ. ಎಷ್ಟು ಬುದ್ಧಿವಂತರು ನೋಡಿ!

ಈ ಗದ್ದಲ ಹೊರಗೆ ಬರದಂತೆ ತಡೆಯಲು ಪ್ಲಗ್ಗಿನ ಕಡೆಯಲ್ಲಿ ಒಂದು ಸುರುಳಿ, ಒಂದೆರಡು ಕೆಪಾಸಿಟರ್ ಇರಬೇಕು. ನಮ್ಮ ರಿಪೇರಿಯವರ ಹತ್ತಿರ 650ರದ್ದನ್ನು ಬಿಚ್ಚಿಸಿದೆ. ಬೋರ್ಡಿನ ಮೇಲೆ ಸುರುಳಿಗೆ ಜಾಗ ಬಿಟ್ಟಿದ್ದಾರೆ, ಸುತ್ತ ಬಿಳಿ ಗೆರೆಯನ್ನೂ ಎಳೆದಿದ್ದಾರೆ. ಸುರುಳಿ ಮಾತ್ರ ಇಲ್ಲ! ಅದರ ಜಾಗದಲ್ಲಿ ಎರಡು ತಂತಿ ತುಂಡು ಬೆಸುಗೆ ಹಾಕಿದ್ದಾರೆ. ಪಕ್ಕದ ಕೆಪಾಸಿಟರಿನ ಎರಡು ತೂತೂ ಖಾಲಿ. ಡಿಸೈನ್ ಮಾಡಿದವನಿಗೆ ನಿಯಮ ಗೊತ್ತಿತ್ತು, ಜೋಡಿಸಿದವನು ಉಳಿಸಿದ. ಕೇಬಲ್ ಮೇಲಿನ ದಪ್ಪ ಗಂಟನ್ನು ಅಮುಕಿ ನೋಡಿದೆವು. ಒಳಗೆ ಗದ್ದಲ ತಡೆಯುವ ಫೆರೈಟ್ ಇಲ್ಲ, ಬರೀ ಪ್ಲಾಸ್ಟಿಕ್. ಆ ಗಂಟು ಸುಮ್ನೆ ವೇಷ.

ನಾನೇ ಒಂದು ಫೆರೈಟ್ ಕ್ಲಿಪ್ ತಂದು ಹಾಕಿ ನೋಡಿದೆ. ಎಫ್‌ಎಂನಲ್ಲಿ ಒಂದಿಷ್ಟು ಸುಧಾರಿಸಿತು, ಧಾರವಾಡಕ್ಕೆ ಏನೂ ಉಪಯೋಗವಾಗಲಿಲ್ಲ. ಒಂದೇ ಸುತ್ತಿನ ಕ್ಲಿಪ್ ಕೆಲಸ ಮಾಡುವುದು ಹೆಚ್ಚಾಗಿ ಮೇಲಿನ ಮೆಗಾಹರ್ಟ್ಸ್‌ಗಳಲ್ಲಿ.

ಈಗ ಸ್ಟಿಕ್ಕರ್ ಕಥೆ. ಮೂರರಲ್ಲಿ ಅತಿ ಹೆಚ್ಚು ಮುದ್ರೆ ಇದ್ದದ್ದು ಯಾವುದರ ಮೇಲೆ ಹೇಳಿ? 650ರದ್ದರ ಮೇಲೆ. ಸಿಇ ಇದೆ, ಎಫ್‌ಸಿಸಿ ಇದೆ, ಇನ್ನೂ ಎರಡು ಮೂರು ಇವೆ. ಸಿಇ ಎನ್ನುವುದು ಯುರೋಪಿನದ್ದು. ಇಂಥ ಸಾಮಾನಿಗೆ ಬಹುಪಾಲು ತಯಾರಕರೇ 'ನಾವು ಪಾಲಿಸಿದ್ದೇವೆ' ಎಂದು ಘೋಷಿಸಿ ಹಾಕಿಕೊಳ್ಳುವ ಗುರುತು. ಎಫ್‌ಸಿಸಿ ಎಂದರೆ ಅಮೆರಿಕದ ಸಂಪರ್ಕ ನಿಯಂತ್ರಣ ಆಯೋಗ. ಅಲ್ಲಿ ಭಾಗ 15 ಎಂಬ ನಿಯಮವಿದೆ, ಅದರಲ್ಲಿ ಎರಡು ದರ್ಜೆ. ಆಫೀಸು, ಕಾರ್ಖಾನೆಗೆ 'ಎ', ಮನೆಗೆ 'ಬಿ'. ಎಫ್‌ಎಂ ಇರುವ ಪಟ್ಟಿಯಲ್ಲಿ ಎರಡಕ್ಕೂ ಮಿತಿ ಮೀಟರಿಗೆ 150 ಮೈಕ್ರೋವೋಲ್ಟೇ. ಆದರೆ ಎ ದರ್ಜೆಯದ್ದನ್ನು 10 ಮೀಟರ್ ದೂರದಲ್ಲಿ ಅಳೆಯುತ್ತಾರೆ, ಬಿ ದರ್ಜೆಯದ್ದನ್ನು 3 ಮೀಟರ್‌ನಲ್ಲಿ. ಮನೆಯಲ್ಲಿ ರೇಡಿಯೋ ಹತ್ತಿರವೇ ಇರುತ್ತದಲ್ಲ, ಅದಕ್ಕೆ. ಲ್ಯಾಪ್‌ಟಾಪ್ ಬಿ ದರ್ಜೆಯಲ್ಲೇ ಪಾಸಾಗಬೇಕು.

ಆ ನಿಯಮದ ಪ್ರಸಿದ್ಧ ಎರಡು ಷರತ್ತು ನನ್ನ ಲ್ಯಾಪ್‌ಟಾಪಿನ ಕೈಪಿಡಿಯಲ್ಲೂ ಇವೆ. ಒಂದು, ಈ ಸಾಧನ ಬೇರೆಯವರಿಗೆ ಹಾನಿಯಾಗುವಂಥ ಅಡಚಣೆ ಮಾಡಬಾರದು. ಎರಡು, ಬೇರೆಯವರು ಮಾಡಿದ ಅಡಚಣೆಯನ್ನು ಇದು ಸಹಿಸಿಕೊಳ್ಳಬೇಕು. ಓದಿ ನಗು ಬಂತು. ಹಳೆಯ ಕಾಲದಲ್ಲಿ ಕೂಡುಕುಟುಂಬಕ್ಕೆ ಬಂದ ಹೊಸ ಸೊಸೆಗೆ ಹೇಳಿದ ಹಾಗಿಲ್ವಾ?

ನಮ್ಮ ದೇಶದ್ದು ಬೇರೆ ದಾರಿ. ಕಡ್ಡಾಯ ನೋಂದಣಿ ಆದೇಶದ (ಮೊದಲು ಬಂದದ್ದು 2012ರಲ್ಲಿ) ಪ್ರಕಾರ ಲ್ಯಾಪ್‌ಟಾಪಿಗೂ ಅದರ ಅಡಾಪ್ಟರಿಗೂ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಬೇಕು. ಗುರುತಿನ ಜೊತೆ 'ಆರ್' ಅಕ್ಷರದಿಂದ ಶುರುವಾಗುವ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾರದ್ದು, ಯಾವ ಸಾಮಾನು ಎಂದು ಬರುತ್ತದೆ. ಕಂಪನಿಯದ್ದು, ಗ್ಯಾನ್ ಎರಡೂ ಸರಿಯಾಗಿ ಬಂದವು. 650ರದ್ದರ ಮೇಲೂ ಒಂದು ಸಂಖ್ಯೆ ಇತ್ತು. ಹಾಕಿ ನೋಡಿದರೆ ಅದು ಬೇರೆ ಯಾರದ್ದೋ ಬೇರೆ ಏನೋ ಸಾಮಾನಿನದ್ದು.

ಇಲ್ಲಿ ನಾನು ಎಡವಿದೆ, ನೀವೂ ಎಡವಬಹುದು. ಬಿಐಎಸ್ ಗುರುತು ಇದ್ದರೆ ರೇಡಿಯೋಗೂ ತೊಂದರೆ ಇಲ್ಲ ಎಂದುಕೊಂಡಿದ್ದೆ. ಆ ನೋಂದಣಿಗೆ ಬಳಸುವ ಐಎಸ್ 13252 ಎಂಬುದು ಸುರಕ್ಷತೆಯ ಮಾನದಂಡ. ಶಾಕ್ ಹೊಡೆಯಬಾರದು, ಬೆಂಕಿ ಹತ್ತಬಾರದು, ಅಷ್ಟು. ಗೊರ್ರ್ ಎನ್ನುವುದು ಅದರ ಲೆಕ್ಕದಲ್ಲಿಲ್ಲ. ಲ್ಯಾಪ್‌ಟಾಪಿನ ವೈಫೈ, ಬ್ಲೂಟೂತ್‌ಗಳ ಅನುಮತಿ ಮತ್ತೊಂದು ಬಾಗಿಲು, ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ಅದು ಬೇಕೆಂದೇ ಕಳಿಸುವ ಅಲೆಗಳ ವಿಚಾರ. ಬೇಡದೆ ಸೋರುವ ಗದ್ದಲದ ಮಟ್ಟಿಗೆ, ದೊಡ್ಡ ಕಂಪನಿ ಅಮೆರಿಕಕ್ಕೂ ಯುರೋಪಿಗೂ ಅದೇ ಚಾರ್ಜರ್ ಮಾರುತ್ತದೆ ಎನ್ನುವುದೇ ನಮಗೆ ದೊಡ್ಡ ರಕ್ಷಣೆ.

ಹಾಗಿದ್ದರೆ ಗ್ಯಾನ್? ನನಗೆ ಇಷ್ಟವಾಯಿತು. ಹಗುರ, ಬಿಸಿ ಕಮ್ಮಿ, ಫೋನಿಗೂ ಆಗುತ್ತದೆ. ಆದರೆ ಎರಡು ಪಿನ್ನಿನದ್ದು, ಅರ್ತ್ ಇಲ್ಲ. ಲೋಹದ ಮೈಯ ಲ್ಯಾಪ್‌ಟಾಪ್ ಮೇಲೆ ಮುಂಗೈ ಉಜ್ಜಿದರೆ ಜುಮು ಜುಮು ಎನ್ನುತ್ತದೆ. ಗದ್ದಲ ತಡೆಯಲು ಹಾಕಿದ ಕೆಪಾಸಿಟರ್ ಮೂಲಕ ಸೋರುವ ಸಣ್ಣ ಕರೆಂಟು ಅದು. ಸರಿಯಾದ ಚಾರ್ಜರಿನಲ್ಲಿ ಅಪಾಯವಿಲ್ಲ, ಆದರೂ ಕಿರಿಕಿರಿ.

ಅರ್ತ್ ಎಂದಾಗ ನೆನಪಾಯಿತು. ಕಂಪನಿಯ ಮೂರು ಪಿನ್ನಿನ ಚಾರ್ಜರಿಗೆ ಮೊದಲ ದಿನ ಬಂದ ಅಳತೆ ಒಂದು ಹೆಜ್ಜೆಯಲ್ಲ, ಮೂರು ಹೆಜ್ಜೆ. ಗ್ಯಾನಿಗಿಂತ ಕೆಟ್ಟದ್ದು! ಎಲೆಕ್ಟ್ರಿಷಿಯನ್ ಬಂದು ನೋಡಿದರೆ ನಮ್ಮ ಹಳೆಯ ಮನೆಯ ಮೂರನೇ ತೂತಿಗೆ ಅರ್ತೇ ಸರಿ ಇಲ್ಲ. ಮುರಕಲ್ಲಿನ ನೆಲ, ಬೇಸಿಗೆಯಲ್ಲಿ ಅರ್ತ್ ಗುಂಡಿ ಪೂರ್ತಿ ಒಣಗಿ ಹೋಗಿತ್ತು. ತಂತಿ ಬದಲಿಸಿ, ಉಪ್ಪು ಇದ್ದಿಲು ಹಾಕಿ, ನಾಲ್ಕು ಕೊಡಪಾನ ನೀರು ಹೊಯ್ದ ಮೇಲೆ ಮೂರು ಹೆಜ್ಜೆ ಒಂದಾಯಿತು. ಮೇಲೆ ಕೊಟ್ಟದ್ದು ಆ ನಂತರದ ಲೆಕ್ಕ. ಮೂರಕ್ಕೂ ಮತ್ತೊಮ್ಮೆ ನಡೆದೆ. 650ರದ್ದಕ್ಕೆ ಅರ್ತ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅದರ ಮೂರನೇ ಪಿನ್ನಿಗೆ ಒಳಗೆ ತಂತಿಯೇ ಇರಲಿಲ್ಲ.

ಅದನ್ನು ವಾಪಸ್ ಕೊಡಲು ಅಂಗಡಿಗೆ ಹೋದೆ. "ಚಾರ್ಜ್ ಆಗ್ತದಲ್ಲ ಸರ್? ರೇಡಿಯೋ ಎಲ್ಲ ಈಗ ಯಾರು ಕೇಳ್ತಾರೆ?" ಎಂದರು. ಹಣ ಬರಲಿಲ್ಲ. ಈಗ ಮನೆಯಲ್ಲಿ ಕಂಪನಿಯದ್ದೇ ಇದೆ, ಬ್ಯಾಗಿಗೆ ಒಂದು ಗ್ಯಾನ್ ಕೊಂಡೆ.

ಧಾರವಾಡ ಚೆನ್ನಾಗಿ ಬರುತ್ತಿದೆ. ಆದರೆ ಸಂಜೆ ಏಳಕ್ಕೆ ಸರಿಯಾಗಿ ಇನ್ನೊಂದು ಗೊರ್ರ್ ಶುರುವಾಗುತ್ತದೆ, ಲ್ಯಾಪ್‌ಟಾಪ್ ಆಫ್ ಇದ್ದರೂ. ರೇಡಿಯೋ ತಿರುಗಿಸುತ್ತಾ ದಿಕ್ಕು ಹುಡುಕಿದೆ. ಪಕ್ಕದ ಮನೆಯ ಗೇಟಿನ ಎಲ್‌ಇಡಿ ಬಲ್ಬು. ಅವರಿಗೆ ಹೇಗೆ ಹೇಳುವುದು ಎಂದು ಅಮ್ಮನೂ ನಾನೂ ಯೋಚಿಸುತ್ತಿದ್ದೇವೆ.