ಗೋಡೆಯನ್ನು ಓದಲು ಕಲಿಸುವ ನಡಿಗೆ: ಬ್ರಾಂಕ್ಸ್‌ನ ಗ್ರಾಫಿಟಿ ಪ್ರವಾಸ

ನ್ಯೂಯಾರ್ಕಿನಲ್ಲಿ ಗ್ರಾಫಿಟಿ, ಎಂದರೆ ಗೋಡೆ, ರೈಲುಗಳ ಮೇಲೆ ಬಣ್ಣದಲ್ಲಿ ಬರೆದ ಹೆಸರು, ಚಿತ್ರಗಳನ್ನು ತೋರಿಸುವ ಕಾಲ್ನಡಿಗೆಯ ಪ್ರವಾಸಗಳು ಹಲವಿವೆ. ನಾನು ಆರಿಸಿಕೊಂಡದ್ದು ಸೌತ್ ಬ್ರಾಂಕ್ಸ್‌ನಲ್ಲಿ ಶುರುವಾಗಿ ಈಸ್ಟ್ ಹಾರ್ಲೆಮ್‌ಗೆ ಬರುವ, ಕೊನೆಯಲ್ಲಿ ಅರ್ಧ ಗಂಟೆ ಕೈಗೆ ಸ್ಪ್ರೇ ಡಬ್ಬಿಯನ್ನೂ ಕೊಡುವ ಪ್ರವಾಸವನ್ನು. ಶುಲ್ಕ ಕಡಿಮೆಯೇನಲ್ಲ, ಆದರೆ ಮೊದಲ ಒಂದೂವರೆ ಗಂಟೆಯಲ್ಲೇ ಆ ಹಣ ವಸೂಲಾಯಿತು. ನನ್ನ ತಕರಾರೆಲ್ಲ ಅನಂತರದ ಭಾಗದ ಬಗ್ಗೆ.

ಯೌವನದಲ್ಲಿ ತಾವೂ ಹೆಸರು ಬರೆಯುತ್ತಿದ್ದ ಮಾರ್ಗದರ್ಶಕರು ನಮ್ಮನ್ನು ಮೊದಲು ಕರೆದೊಯ್ದದ್ದು 149ನೇ ಬೀದಿ–ಗ್ರ್ಯಾಂಡ್ ಕಾನ್‌ಕೋರ್ಸ್ ನಿಲ್ದಾಣದ ಪ್ಲಾಟ್‌ಫಾರ್ಮಿಗೆ. 1970ರ ದಶಕದಲ್ಲಿ ಊರಿನ ನಾನಾ ಮೂಲೆಗಳ ಹುಡುಗರು ಇಲ್ಲಿನ ಬೆಂಚಿನ ಮೇಲೆ ಕುಳಿತು, ರಾತ್ರಿ ರೈಲು ನಿಲ್ಲಿಸುವ ಯಾರ್ಡಿಗೆ ನುಗ್ಗಿ ತಾವು ಬಣ್ಣ ಬಳಿದ ಬೋಗಿ ಹಾದುಹೋಗುವುದನ್ನೇ ಕಾಯುತ್ತ, ಒಬ್ಬರ ಬ್ಲ್ಯಾಕ್‌ಬುಕ್‌ನಲ್ಲಿ (ಅಕ್ಷರಗಳ ಕರಡು ಬರೆದಿಟ್ಟುಕೊಳ್ಳುವ ಪುಸ್ತಕ) ಇನ್ನೊಬ್ಬರು ಸಹಿ ಹಾಕಿಕೊಡುತ್ತಿದ್ದರಂತೆ. ಅವರು ತಮ್ಮನ್ನು ಕಲಾವಿದರೆಂದು ಕರೆದುಕೊಳ್ಳುತ್ತಿರಲಿಲ್ಲ, ‘ರೈಟರ್’ ಎನ್ನುತ್ತಿದ್ದರು. ತಾವಿದ್ದ ಕೇರಿಯಲ್ಲಿ ಕಟ್ಟಡಗಳು ಸುಟ್ಟು ಬೀಳುತ್ತಿದ್ದರೂ ನಗರಾಡಳಿತ ತಿರುಗಿ ನೋಡದಿದ್ದ ಕಾಲದಲ್ಲಿ, ತಮ್ಮ ಹೆಸರಾದರೂ ರೈಲಿನ ಮೈಮೇಲೆ ಮ್ಯಾನ್‌ಹಾಟನ್ ದಾಟಿ ಬರಲಿ ಎಂಬ ಹಟ ಅದರಲ್ಲಿತ್ತು.

ಹಿಪ್‌ಹಾಪ್‌ನ, ಎಂದರೆ ಈ ಬರಹದ ಜೊತೆ ರ್‍ಯಾಪ್, ಡಿಜೆ ಸಂಗೀತ, ನೃತ್ಯಗಳೂ ಸೇರಿದ ಸಂಸ್ಕೃತಿಯ ಇತಿಹಾಸವನ್ನು ಮಾರ್ಗದರ್ಶಕರು ಸರಳಗೊಳಿಸಲಿಲ್ಲವೆಂಬುದು ನನಗೆ ಹಿಡಿಸಿತು. ಟಾಕಿ 183 ಎಂದು ಊರ ತುಂಬ ಸಹಿ ಬರೆಯುತ್ತಿದ್ದ ಹುಡುಗನ ಬಗ್ಗೆ ನ್ಯೂಯಾರ್ಕ್ ಟೈಮ್ಸ್ ಬರೆದದ್ದು 1971ರಲ್ಲಿ. ಹಿಪ್‌ಹಾಪ್ ಹುಟ್ಟಿತೆಂದು ಎಲ್ಲರೂ ಹೇಳುವ, ಬ್ರಾಂಕ್ಸ್‌ನ ಸೆಡ್ಜ್‌ವಿಕ್ ಅವೆನ್ಯೂದಲ್ಲಿ ಡಿಜೆ ಕೂಲ್ ಹರ್ಕ್ ಸಂಗೀತ ನುಡಿಸಿದ ಪಾರ್ಟಿ ನಡೆದದ್ದು 1973ರ ಆಗಸ್ಟ್ 11ರಂದು. ಎಂದರೆ ಬರಹವೇ ಹಳೆಯದು, ಸಂಗೀತ ಆಮೇಲೆ ಬಂದು ಅದರ ಕೈ ಹಿಡಿಯಿತು. ಎರಡನ್ನೂ ಬೆಸೆದವರಲ್ಲಿ ಫೇಸ್ 2 ಎಂಬ ರೈಟರ್ ಮುಖ್ಯರು: ಗುಳ್ಳೆಯಂತೆ ಉಬ್ಬಿದ ಅಕ್ಷರಗಳನ್ನು ರೂಢಿಗೆ ತಂದವರೂ ಅವರೇ, ಪಾರ್ಟಿಗಳ ಕರಪತ್ರ ಬರೆದುಕೊಟ್ಟವರೂ ಅವರೇ.

ಮುಚ್ಚಿದ ಅಂಗಡಿಯೊಂದರ ಶಟರ್ ಮುಂದೆ ಇಪ್ಪತ್ತು ನಿಮಿಷ ನಿಂತದ್ದು ಇಡೀ ಪ್ರವಾಸದ ಸಾರ. ಒಂದೇ ಉಸಿರಿಗೆ ಬರೆದ ಸಹಿ ಟ್ಯಾಗ್, ಎರಡು ಬಣ್ಣದಲ್ಲಿ ಅವಸರದಿಂದ ಉಬ್ಬಿಸಿದ್ದು ಥ್ರೋ-ಅಪ್, ಗಂಟೆಗಟ್ಟಲೆ ಕೂತು ತೀಡಿದ್ದು ಪೀಸ್. ಹಳೆಯ ಪೀಸ್ ಮೇಲೆ ಯಾರೋ ಎಳಸು ಕೈ ಗೀಚಿದ್ದನ್ನು ತೋರಿಸಿ ಮಾರ್ಗದರ್ಶಕರು ‘ಟಾಯ್’ (ಪಳಗದ ರೈಟರ್‌ಗೆ ಹೇಳುವ ಬೈಗುಳ) ಎಂದು ಮುಖ ಸಿಂಡರಿಸಿದಾಗ, ಅಲ್ಲಿಯವರೆಗೆ ಬರೀ ಗೋಜಲಾಗಿ ಕಂಡಿದ್ದರಲ್ಲಿ ಜಗಳ, ಮರ್ಯಾದೆ, ಹಿರಿತನ ಎಲ್ಲವೂ ಕಾಣತೊಡಗಿದವು.

ಈಸ್ಟ್ ಹಾರ್ಲೆಮ್‌ನಲ್ಲಿ ಪ್ರವಾಸದ ಬಿಗಿ ಸಡಿಲಾಯಿತು. 106ನೇ ಬೀದಿ ಮತ್ತು ಪಾರ್ಕ್ ಅವೆನ್ಯೂ ಸೇರುವಲ್ಲಿ, 1980ರಿಂದ ಗ್ರಾಫಿಟಿ ಹಾಲ್ ಆಫ್ ಫೇಮ್ ಎನಿಸಿಕೊಂಡಿರುವ ಗೋಡೆಗಳಿರುವುದು ಶಾಲೆಯ ಅಂಗಳದಲ್ಲಿ. ನಾವು ಹೋದಾಗ ಗೇಟಿಗೆ ಬೀಗ ಬಿದ್ದಿತ್ತು. ಹೀಗಾಗಬಹುದೆಂದು ಬುಕಿಂಗ್ ಮಾಡುವಾಗಲೇ ತಿಳಿಸಬೇಕಿತ್ತು. ಅನಂತರ ಹಣ ಕೊಟ್ಟು ಬರೆಸಿದ ಚೆಂದದ ಚಿತ್ರಗಳ ಮುಂದೆ ಫೋಟೋಗಳಿಗೇ ಮುಕ್ಕಾಲು ಗಂಟೆ ಕಳೆಯಿತು. ಸಬ್‌ವೇ ನಿಲ್ದಾಣದಲ್ಲಿ ಗೋಡೆಯ ಮೇಲೆ ಬರೆದನೆಂಬ ಆರೋಪದಲ್ಲಿ 1983ರ ಸೆಪ್ಟೆಂಬರ್ 15ರಂದು ಬಂಧಿತನಾಗಿ, ಪ್ರಜ್ಞೆ ಮರಳದೆ 13 ದಿನಗಳ ಬಳಿಕ ತೀರಿಕೊಂಡ 25ರ ಕರಿಯ ಯುವಕ ಮೈಕಲ್ ಸ್ಟೂವರ್ಟ್‌ನ ಹೆಸರು ನಾನಾಗಿ ಕೇಳುವವರೆಗೆ ಬರಲೇ ಇಲ್ಲ. ಅವನ ಸಾವಿನ ಪ್ರಕರಣದಲ್ಲಿ ವಿಚಾರಣೆ ಎದುರಿಸಿದ ಆರೂ ಪೊಲೀಸರು ಖುಲಾಸೆಯಾದರು. ಪ್ರತಿರೋಧವೆಂಬ ಮಾತನ್ನು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸುವವರು ಅದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಡವೇ? 1989ರ ಮೇ 12ರಂದು ಗ್ರಾಫಿಟಿ ಇದ್ದ ಕೊನೆಯ ಸಬ್‌ವೇ ರೈಲನ್ನು ಓಡಾಟದಿಂದ ತೆಗೆದ ಸಂಗತಿಗೂ ಒಂದೇ ವಾಕ್ಯ ಸಿಕ್ಕಿತು.

ಸ್ಪ್ರೇ ಪಾಠ ಚಿಕ್ಕದಾದರೂ ಪ್ರಾಮಾಣಿಕವಾಗಿತ್ತು. ಪ್ಲೈವುಡ್ ಹಲಗೆಯ ಮೇಲೆ ನಾನು ಕನ್ನಡದ ‘ರ’ ಬರೆಯಹೊರಟೆ. ಉಬ್ಬಿದ ಅಕ್ಷರಕ್ಕೆ ನಮ್ಮ ಲಿಪಿಯ ದುಂಡುತನ ಹೇಳಿಮಾಡಿಸಿದಂತಿದೆ. ಆದರೆ ಫ್ಯಾಟ್ ಕ್ಯಾಪ್ (ದಪ್ಪ ಗೆರೆ ಎಳೆಯುವ ಮೂತಿ) ಹಾಕಿದ ಡಬ್ಬಿಯಿಂದ ಬಣ್ಣ ಭರ್ರೆಂದು ಬರುತ್ತದೆ; ತಲಕಟ್ಟಿನ ತಿರುವಿನಲ್ಲಿ ಕೈ ಅರೆಕ್ಷಣ ತಡೆದದ್ದಕ್ಕೆ ಅಲ್ಲಿಂದ ಮೂರು ಗೆರೆ ಬಣ್ಣ ಕೆಳಗಿಳಿಯಿತು. ತೋಳನ್ನು ಭುಜದಿಂದಲೇ ಬೀಸಬೇಕೆಂದು ಮಾರ್ಗದರ್ಶಕರು ಎರಡು ಬಾರಿ ತೋರಿಸಿಕೊಟ್ಟರು.

ಅಕ್ಷರದ ಮೇಲೆ ಆಸಕ್ತಿ ಇರುವವರು ಖಂಡಿತ ಹೋಗಬಹುದು. ಶಾಲೆಯ ಅಂಗಳ ತೆರೆದಿರುತ್ತದೆಯೇ ಎಂದು ಮೊದಲೇ ಕೇಳಿ ದಿನ ಗೊತ್ತುಮಾಡಿಕೊಳ್ಳಿ. ಮಾಸ್ಕ್ ಅವರು ಕೊಡುವುದಿಲ್ಲ, ಹಳೆಯ ಅಂಗಿ ತೊಟ್ಟು ಹೋಗಿ. ನನ್ನ ತೋರುಬೆರಳಿನ ನೀಲಿ ಹೋಗಲು ನಾಲ್ಕು ದಿನ ಹಿಡಿಯಿತು.